ಜಲಪಾತ ನೋಡಲು ಹೊರಟ ಇಬ್ಬರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ‘ಹ್ಯಾಪಿ ಟುಗೆದರ್’ ಸಿನಿಮಾ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇನೆ. ನೋಡದವರಿಗಾಗಿ ಮೊದಲು ಕಥೆ ಹೇಳಿಬಿಡುತ್ತೇನೆ. ಇದು 1997ರ ಹಾಂಗ್‌ಕಾಂಗ್ ಸಿನಿಮಾ. ನಿರ್ದೇಶಕ ವಾಂಗ್ ಕಾರ್ ವಾಯ್. ಲಾಯ್ ಮತ್ತು ಹೋ ಎಂಬ ಇಬ್ಬರು ಗಂಡಸರು ಪ್ರೇಮಿಗಳು. ಹಾಂಗ್‌ಕಾಂಗ್ ಬಿಟ್ಟು ಅರ್ಜೆಂಟೀನಾಕ್ಕೆ ಹೋಗುತ್ತಾರೆ, ಇಗ್ವಾಸು ಜಲಪಾತ ನೋಡಲು ಹೊರಡುತ್ತಾರೆ, ದಾರಿ ತಪ್ಪಿ ಜಗಳವಾಡಿ ಬೇರೆಯಾಗುತ್ತಾರೆ, ಊರಿಗೆ ವಾಪಸ್ ಹೋಗಲು ದುಡ್ಡಿಲ್ಲದೆ ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕಿಬೀಳುತ್ತಾರೆ. ಟೋನಿ ಲೆಯುಂಗ್ ಲಾಯ್ ಆಗಿ, ಲೆಸ್ಲಿ ಚೆಯುಂಗ್ ಹೋ ಆಗಿ ನಟಿಸಿದ್ದಾರೆ.

ಪತ್ರಗಳೆಲ್ಲ ನಮ್ಮ ಜಿಲ್ಲೆಯವೇ. ಕೆಲವರು ಹೆಸರು ಹಾಕಬೇಡಿ ಅಂದಿದ್ದಾರೆ. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಸಿನಿಮಾ ನೋಡಿದೆ. ಕಥೆಯೇ ಇಲ್ಲವಲ್ಲ? ಇಬ್ಬರು ಕೂಡುತ್ತಾರೆ, ಜಗಳ ಆಡುತ್ತಾರೆ, ಮತ್ತೆ ಕೂಡುತ್ತಾರೆ. ಇದಕ್ಕೆ ಫ್ರಾನ್ಸ್‌ನ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಯಾಕೆ ಕೊಟ್ಟರು? (ಸಾಗರ)

ನೀವು ಬರೆದಿರುವುದೇ ಕಥೆ. ಬೇರೆ ಇಲ್ಲ. ಆದರೆ ಒಬ್ಬನನ್ನು ಬಿಡಲೂ ಆಗದೆ ಅವನ ಜೊತೆ ಬಾಳಲೂ ಆಗದೆ ಒದ್ದಾಡುವುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಸಿನಿಮಾಗಳು ಜಾಸ್ತಿ ಇಲ್ಲ. ಆ ವರ್ಷ ಕಾನ್‌ನಲ್ಲಿ ವಾಂಗ್‌ಗೆ ಸಿಕ್ಕಿದ್ದು ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ. ಯಾಕೆ ಅಂತ ತಿಳಿಯಬೇಕಾದರೆ ಲಾಯ್‌ನ ಆ ಬಾಡಿಗೆ ಕೋಣೆಯ ಭಾಗವನ್ನು ಇನ್ನೊಮ್ಮೆ ನೋಡಿ.

ಹೋ ಯಾರದೋ ಕೈಲಿ ಏಟು ತಿಂದು, ಎರಡೂ ಕೈ ಜಜ್ಜಿಸಿಕೊಂಡು ಲಾಯ್ ಹತ್ತಿರ ಬರುತ್ತಾನೆ. ಕೈ ತುಂಬಾ ಬ್ಯಾಂಡೇಜು. ತುತ್ತು ತಿನ್ನಿಸಬೇಕು, ಮೈ ಒರೆಸಬೇಕು. ಲಾಯ್ ಎಲ್ಲ ಮಾಡುತ್ತಾನೆ. ಮಂಚ ಅವನಿಗೆ ಬಿಟ್ಟು ತಾನು ಸೋಫಾದ ಮೇಲೆ ಮಲಗುತ್ತಾನೆ. ಹೋ ಎದ್ದು ಬಂದು ಆ ಇಕ್ಕಟ್ಟು ಸೋಫಾದಲ್ಲೇ ತೂರಿಕೊಳ್ಳಲು ನೋಡುತ್ತಾನೆ, ಬೈಸಿಕೊಳ್ಳುತ್ತಾನೆ. ಮುಂದೊಂದು ದಿನ ಲಾಯ್‌ಗೇ ಜ್ವರ. ಕಂಬಳಿ ಹೊದ್ದು ಮಲಗಿದ್ದಾನೆ. ಹೋ ಬಂದು ಹಸಿವು ಅಂತ ಗೋಗರೆಯುತ್ತಾನೆ. ಜ್ವರ ಬಂದವನ ಹತ್ತಿರ ಅಡುಗೆ ಮಾಡು ಅಂತೀಯಲ್ಲ, ನೀನೇನು ಮನುಷ್ಯನಾ ಅಂತ ಲಾಯ್ ಕೂಗಾಡುತ್ತಾನೆ. ಮುಂದಿನ ಶಾಟ್‌ನಲ್ಲಿ ಅದೇ ಕಂಬಳಿ ಹೊದ್ದುಕೊಂಡು ಒಲೆ ಮುಂದೆ ನಿಂತಿದ್ದಾನೆ. ಇಡೀ ಸಿನಿಮಾದಲ್ಲಿ ನನಗೆ ತುಂಬಾ ಇಷ್ಟವಾದ ಕಟ್ ಅದು. ಪ್ರೀತಿ, ಸಿಟ್ಟು, ಚಟ ಎಲ್ಲ ಒಂದೇ ಜೋಡಣೆಯಲ್ಲಿ ಬಂದುಬಿಟ್ಟಿದೆ, ಮಾತಿನ ಅಗತ್ಯವೇ ಬಿದ್ದಿಲ್ಲ.

ಇಷ್ಟು ನೋಡಿ ಲಾಯ್ ಒಳ್ಳೆಯವ, ಹೋ ಕೆಟ್ಟವ ಅಂದುಕೊಂಡರೆ ಅದೂ ನಿಲ್ಲುವುದಿಲ್ಲ. ಲಾಯ್ ಹೋನ ಪಾಸ್‌ಪೋರ್ಟ್ ಬಚ್ಚಿಡುತ್ತಾನೆ. ಕೇಳಿದರೂ ಕೊಡುವುದಿಲ್ಲ. ಹೋ ಸಿಗರೇಟು ತರುವ ನೆಪದಲ್ಲಿ ರಾತ್ರಿ ಹೊರಗೆ ಹೋಗುತ್ತಾನೆ ಅಂತ ಒಂದು ರಾಶಿ ಸಿಗರೇಟು ಪ್ಯಾಕ್ ತಂದು ಕೋಣೆಯಲ್ಲಿ ಜೋಡಿಸಿಡುತ್ತಾನೆ. ಹೋನಿಗೆ ಅದು ಅರ್ಥವಾಗುತ್ತದೆ. ಪ್ಯಾಕ್‌ಗಳನ್ನೆಲ್ಲ ನೆಲಕ್ಕೆ ಎಸೆಯುತ್ತಾನೆ. ಅವನ ಕೈ ಬೇಗ ವಾಸಿಯಾಗದಿದ್ದರೆ ಚೆನ್ನಾಗಿತ್ತು, ಅವನಿಗೆ ಹುಷಾರಿಲ್ಲದ ದಿನಗಳೇ ತನಗೆ ಸುಖದ ದಿನಗಳಾಗಿದ್ದವು ಅಂತ ಲಾಯ್ ತನ್ನೊಳಗೆ ಹೇಳಿಕೊಳ್ಳುತ್ತಾನೆ. ಆರೈಕೆ ಎಲ್ಲಿ ಮುಗಿದು ಕಾವಲು ಎಲ್ಲಿ ಶುರುವಾಯಿತು ಅಂತ ಅವನಿಗೂ ಗೊತ್ತಿಲ್ಲ. ಗಂಡ ಹೆಂಡತಿ ನಡುವೆಯೂ ಇದೇ ನಡೆಯುತ್ತದೆ ಅಲ್ವಾ?

ಸಾಧ್ಯವಾದರೆ ಅವರಿಬ್ಬರೂ ಅಡುಗೆಮನೆಯಲ್ಲಿ ಟ್ಯಾಂಗೊ ಕುಣಿಯುವ ದೃಶ್ಯವನ್ನು ಹೆಡ್‌ಫೋನ್ ಹಾಕಿಕೊಂಡು ನೋಡಿ. ಸಂಗೀತ ಆಸ್ತೋರ್ ಪಿಯಾಜೊಲ್ಲಾ ಅವರದು. ಬೆಳಕು ಮಂಕು, ಗೋಡೆ ಕೊಳಕು, ನೆಲ ಹಳೆಯದು. ಅಷ್ಟರಲ್ಲೇ ಇಬ್ಬರೂ ಒಬ್ಬರನ್ನೊಬ್ಬರು ಒರಗಿಕೊಂಡು ನಿಲ್ಲುತ್ತಾರೆ.

ಮೊದಲು ಕಪ್ಪು ಬಿಳುಪು, ಆಮೇಲೆ ಕಲರ್. ಇದಕ್ಕೇನಾದರೂ ಅರ್ಥ ಇದೆಯಾ? (ಸೊರಬ)

ಇದೆ. ಅವರು ಬೇರೆಯಾಗಿ ಒಣಗಿಹೋದ ದಿನಗಳು ಹೆಚ್ಚಾಗಿ ಕಪ್ಪು ಬಿಳುಪಿನಲ್ಲಿವೆ. ಹೋ ಮತ್ತೆ ಬಂದು ಸೇರಿದ ಮೇಲೆ ಬಣ್ಣ ತುಂಬಿಕೊಳ್ಳುತ್ತದೆ. ಆದರೆ ಕಪ್ಪು ಬಿಳುಪಿನ ಭಾಗದ ನಡುವೆಯೇ ಜಲಪಾತ ಮಾತ್ರ ಹಸಿರು ನೀಲಿಯಾಗಿ ಬಂದುಹೋಗುತ್ತದೆ. ಅವರಿನ್ನೂ ಅಲ್ಲಿಗೆ ತಲುಪಿಯೇ ಇಲ್ಲ, ಆದರೂ ಬಣ್ಣ ಇರುವುದು ಅದಕ್ಕೊಂದಕ್ಕೇ. ಕ್ಯಾಮೆರಾ ಕ್ರಿಸ್ಟಫರ್ ಡಾಯ್ಲ್ ಅವರದು. ಹಳದಿ ಟ್ಯೂಬ್‌ಲೈಟು, ಒದ್ದೆ ರಸ್ತೆ, ಕಿಟಕಿ ಗಾಜು, ಇಷ್ಟರಲ್ಲೇ ಅವರು ಒಂದು ಊರು ಕಟ್ಟಿದ್ದಾರೆ.

ನಮ್ಮೂರು ತಾಳಗುಪ್ಪ. ಜೋಗ ಇಲ್ಲೇ ಪಕ್ಕದಲ್ಲಿದೆ. ಒಂದು ಜಲಪಾತಕ್ಕಾಗಿ ಇಷ್ಟೆಲ್ಲ ಗೋಳಾಡುವುದು ನನಗೆ ಅರ್ಥವಾಗಲಿಲ್ಲ. ಇಗ್ವಾಸು ಅಂದರೆ ಜೋಗಕ್ಕಿಂತ ದೊಡ್ಡದಾ? (ತಾಳಗುಪ್ಪ)

ಎತ್ತರ ನೋಡಿದರೆ ನಮ್ಮದೇ ದೊಡ್ಡದು. ಜೋಗದಲ್ಲಿ ಶರಾವತಿ 253 ಮೀಟರ್ ಕೆಳಗೆ ಬೀಳುತ್ತಾಳೆ. ಇಗ್ವಾಸು ಅತಿ ಎತ್ತರದ ಜಾಗದಲ್ಲೂ 80 ಮೀಟರ್ ಚಿಲ್ಲರೆ ಅಷ್ಟೇ. ಆದರೆ ಅಗಲ ಸುಮಾರು 2.7 ಕಿಲೋಮೀಟರ್. ಜೋಗದಲ್ಲಿ ನಾವು ರಾಜ, ರಾಣಿ, ರೋರರ್, ರಾಕೆಟ್ ಅಂತ ನಾಲ್ಕು ಕವಲು ಎಣಿಸುತ್ತೇವೆ. ಅಲ್ಲಿ ಸುಮಾರು 275 ಕವಲು, ಅರ್ಜೆಂಟೀನಾ ಮತ್ತು ಬ್ರೆಜಿಲ್ ಗಡಿಯ ಉದ್ದಕ್ಕೂ. ಬ್ಯೂನಸ್ ಐರಿಸ್‌ನಿಂದ ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಕೈಲಿ ಕಾಸಿಲ್ಲದವರಿಗೆ ಅದು ಸಣ್ಣ ದಾರಿ ಅಲ್ಲ. ಇನ್ನೊಂದು ವ್ಯತ್ಯಾಸ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಜೋಗದಲ್ಲಿ ಎಷ್ಟು ನೀರು ಅನ್ನುವುದು ಮಳೆಯ ಜೊತೆಗೆ ಗೇಟಿನ ಮೇಲೂ ನಿಂತಿದೆ. ಮಾರ್ಚ್ ಏಪ್ರಿಲ್‌ನಲ್ಲಿ ಬಂದ ನೆಂಟರಿಗೆ ಬರೀ ಬಂಡೆ ತೋರಿಸಿ ಕಳಿಸಿದ ಅನುಭವ ನಿಮಗೂ ಇರುತ್ತದೆ.

ಜೋಗ ನಿಮಗೆ ಯಾವಾಗಲೂ ಇದೆ, ಅದಕ್ಕೇ ಈ ಗೋಳು ವಿಚಿತ್ರ ಅನ್ನಿಸುತ್ತಿದೆ. ನಮ್ಮ ಕಡೆ ಹೊಸದಾಗಿ ಮದುವೆಯಾದವರು ಜೋಗಕ್ಕೆ ಹೋಗುತ್ತಾರೆ. ನಾಲ್ಕು ಜನರ ಎದುರು ಜೋಡಿಯಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಲಾಯ್ ಮತ್ತು ಹೋನಿಗೆ ಅಂಥ ಶಾಸ್ತ್ರ ಒಂದೂ ಇಲ್ಲ. ಮದುವೆ ಇಲ್ಲ, ಮನೆಯವರಿಲ್ಲ, ಹರಸುವವರಿಲ್ಲ. ಹೋ ಒಂದು ದೀಪ ಕೊಂಡಿದ್ದ, ಅದರ ಮೇಲೆ ಜಲಪಾತದ ಚಿತ್ರ ಇತ್ತು. ಆ ಜಾಗಕ್ಕೆ ಇಬ್ಬರೂ ಸೇರಿ ಹೋಗಿ ನಿಂತರೆ ನಾವು ಜೋಡಿ ಅನ್ನುವುದಕ್ಕೆ ಒಂದು ಗುರುತಾಯಿತು ಅಂತ ಅವರಿಗೆ ಅನ್ನಿಸಿರಬೇಕು. ಕೊನೆಗೆ ಲಾಯ್ ಒಬ್ಬನೇ ಹೋಗುತ್ತಾನೆ. ಮುಖದ ಮೇಲೆಲ್ಲ ನೀರು. ಇಲ್ಲಿ ಇಬ್ಬರು ನಿಂತಿರುತ್ತೇವೆ ಅಂದುಕೊಂಡಿದ್ದೆ ಅನ್ನುತ್ತಾನೆ. ಅದೇ ಹೊತ್ತಿಗೆ ಹೋ ಲಾಯ್‌ನ ಖಾಲಿ ಕೋಣೆಯಲ್ಲಿ ಅವನ ಕಂಬಳಿ ಅಪ್ಪಿಕೊಂಡು ಅಳುತ್ತಿರುತ್ತಾನೆ.

ನನ್ನ ಮಗ ಡಿಗ್ರಿ ಓದುತ್ತಿದ್ದಾನೆ. ನೀವು ಬರೆದ ಮೇಲೆ ಈ ಸಿನಿಮಾವನ್ನು ಫೋನ್‌ನಲ್ಲಿ ಮತ್ತೆ ಮತ್ತೆ ನೋಡುತ್ತಿದ್ದಾನೆ. ಇದನ್ನು ನೋಡಿ ನೋಡಿ ಅವನೂ ಹಾಗೇ ಆಗಿಬಿಟ್ಟರೆ ಅಂತ ಭಯ. ಇಂಥದ್ದನ್ನು ನೀವು ಬರೆಯಬಾರದಿತ್ತು. (ಶಿವಮೊಗ್ಗ, ಒಬ್ಬ ತಾಯಿ)

ಅಮ್ಮಾ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೂ ನೇರವಾಗಿ ಹೇಳುತ್ತೇನೆ. ಸಿನಿಮಾ ನೋಡಿ ಯಾರೂ ಸಲಿಂಗಿ ಆಗುವುದಿಲ್ಲ. ನಮ್ಮಲ್ಲಿರುವ ಸಲಿಂಗಿಗಳೆಲ್ಲ ಹುಟ್ಟಿದಾಗಿನಿಂದ ಹುಡುಗ ಹುಡುಗಿಯ ಪ್ರೇಮಕಥೆಗಳನ್ನೇ ನೋಡಿ ಬೆಳೆದವರು. ಆ ನೂರಾರು ಸಿನಿಮಾಗಳು ಅವರನ್ನು ಬದಲಿಸಲಿಲ್ಲ. ಈ ಒಂದು ಸಿನಿಮಾ ನಿಮ್ಮ ಮಗನನ್ನು ಹೇಗೆ ಬದಲಿಸೀತು?

ಇದು ಕಾಯಿಲೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿದೆ. ಅಪರಾಧವೂ ಅಲ್ಲ. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಸ್ಪಷ್ಟವಾಗಿ ಹೇಳಿದೆ. ವಾಸಿ ಮಾಡಿಕೊಡುತ್ತೇವೆ ಅಂತ ಔಷಧಿಯನ್ನೋ ಶಾಕ್ ಅನ್ನೋ ಹೇಳುವವರ ಹತ್ತಿರ ಮಾತ್ರ ದಯವಿಟ್ಟು ಹೋಗಬೇಡಿ. ಹಾಗೆ ಮಾಡುವುದು ವೈದ್ಯರ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ.

ನಿಮ್ಮ ಮಗ ಸಲಿಂಗಿಯೋ ಅಲ್ಲವೋ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಅವನಿಗೆ ಸುಮ್ನೆ ಆ ಕ್ಯಾಮೆರಾ ಕೆಲಸ ಇಷ್ಟವಾಗಿರಬಹುದು. ಫೋನ್ ಕಿತ್ತುಕೊಳ್ಳಬೇಡಿ, ಕದ್ದು ನೋಡಬೇಡಿ. ಸಿನಿಮಾದಲ್ಲಿ ಏನಿಷ್ಟ ಆಯ್ತು ಅಂತ ಕೇಳಿ. ಉತ್ತರ ಬಂದಾಗ ಮುಖ ಸಿಂಡರಿಸಬೇಡಿ. ಬೇಕಾದರೆ ನೀವೂ ನೋಡಿ. ಆದರೆ ಒಂದು ವಿಷಯ ಮೊದಲೇ ತಿಳಿದಿರಲಿ, ಸಿನಿಮಾ ಶುರುವಾಗುತ್ತಿದ್ದಂತೆ ಅವರಿಬ್ಬರ ಹಾಸಿಗೆಯ ದೃಶ್ಯವಿದೆ, ಅದು ದೊಡ್ಡವರಿಗಾಗಿ ಮಾಡಿದ ಸಿನಿಮಾ. ಮಗನ ಜೊತೆ ಕೂತು ನೋಡಲು ಇಬ್ಬರಿಗೂ ಮುಜುಗರ ಆಗುತ್ತದೆ. ಬೇರೆ ಬೇರೆಯಾಗಿ ನೋಡಿ, ಆಮೇಲೆ ಮಾತಾಡಿ.

ಅದರಲ್ಲಿ ಲಾಯ್ ತನ್ನ ಅಪ್ಪನಿಗೆ ಕಾಗದ ಬರೆಯುವ ಭಾಗವನ್ನು ಗಮನವಿಟ್ಟು ನೋಡಿ. ಅವನು ಊರಲ್ಲಿ ದುಡ್ಡು ಕದ್ದು ಬಂದಿದ್ದಾನೆ, ಅಪ್ಪನ ಮರ್ಯಾದೆ ಕಳೆದಿದ್ದಾನೆ. ಕ್ರಿಸ್‌ಮಸ್ ಕಾರ್ಡಿನಲ್ಲಿ ಕ್ಷಮೆ ಕೇಳಲು ಕೂತವನು ಬರೆಯುತ್ತಲೇ ಹೋಗುತ್ತಾನೆ. ಮನೆಯಲ್ಲಿ ಹೇಳಲಾಗದ್ದು ಮಕ್ಕಳೊಳಗೆ ಎಷ್ಟಿರುತ್ತದೆ ಅಂತ ನಿಮಗೆ ಅಲ್ಲಿ ಕಾಣುತ್ತದೆ.

ಗಂಡಸರಿಬ್ಬರ ಪ್ರೀತಿ ಅಂದರೆ ಸಿನಿಮಾದಲ್ಲಿ ಯಾವಾಗಲೂ ದುಃಖವೇ ಯಾಕೆ? (ಭದ್ರಾವತಿ)

ಒಳ್ಳೆಯ ಪ್ರಶ್ನೆ. ತುಂಬಾ ಸಿನಿಮಾಗಳಲ್ಲಿ ಸಲಿಂಗಿ ಪಾತ್ರ ಸಾಯುತ್ತದೆ, ಇಲ್ಲವೇ ಸಲಿಂಗಿ ಅನ್ನುವ ಕಾರಣಕ್ಕೇ ಯಾರೋ ಬಂದು ಹೊಡೆಯುತ್ತಾರೆ. ಇದರಲ್ಲಿ ನೋಡಿ, ಹಾಗೇನೂ ಇಲ್ಲ. ನೀವಿಬ್ಬರು ಗಂಡಸರು ಹೀಗೆ ಇರುವುದು ತಪ್ಪು ಅಂತ ಯಾರೂ ಬಂದು ಹೇಳುವುದಿಲ್ಲ. ಪೊಲೀಸರಿಲ್ಲ, ಪಂಚಾಯ್ತಿ ಇಲ್ಲ. ಅವರ ಪ್ರೀತಿ ಸರಿಯೋ ತಪ್ಪೋ ಅಂತ ಸಿನಿಮಾ ವಾದವನ್ನೇ ಮಾಡುವುದಿಲ್ಲ. ಅವರು ಒಡೆದುಹೋಗುವುದು ಅವರ ಸ್ವಭಾವದಿಂದ, ದುಡ್ಡಿಲ್ಲದ್ದರಿಂದ, ಪರದೇಶದ ಒಂಟಿತನದಿಂದ. ಯಾವ ಜೋಡಿಯಾದರೂ ಒಡೆಯುವುದು ಇವುಗಳಿಂದಲೇ. 1998ರಲ್ಲಿ ಇಬ್ಬರು ಹೆಂಗಸರ ಪ್ರೀತಿಯ ‘ಫೈರ್’ ಇಲ್ಲಿ ಬಿಡುಗಡೆಯಾದಾಗ ಮುಂಬೈ, ದೆಹಲಿಯಲ್ಲಿ ಥಿಯೇಟರ್‌ಗಳ ಮೇಲೆ ದಾಳಿ ಆಗಿತ್ತು. ಅದಕ್ಕೂ ಒಂದು ವರ್ಷ ಮೊದಲೇ ಹಾಂಗ್‌ಕಾಂಗ್‌ನಲ್ಲಿ ಇಂಥ ಸಿನಿಮಾ ಬಂದಿತ್ತು, ಅದೂ ಇಬ್ಬರು ದೊಡ್ಡ ಸ್ಟಾರ್‌ಗಳನ್ನು ಹಾಕಿಕೊಂಡು. ಅಲ್ಲಿ ಗಂಡಸರ ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಕಾನೂನು ಬದಲಾಗಿದ್ದು 1991ರಲ್ಲಿ.

ಜೊತೆಗೆ ಲಾಯ್ ಸಾಯುವುದಿಲ್ಲ. ಊರಿನ ದಾರಿ ಹಿಡಿಯುತ್ತಾನೆ. ಅದೇ 1997ರ ಜುಲೈ 1ಕ್ಕೆ ಹಾಂಗ್‌ಕಾಂಗ್ ಬ್ರಿಟಿಷರ ಕೈಯಿಂದ ಚೀನಾಕ್ಕೆ ಹೋಗುವುದಿತ್ತು. ಕೊನೆಯಲ್ಲಿ ಟಿವಿಯಲ್ಲಿ ಚೀನಾದ ನಾಯಕ ಡೆಂಗ್ ಷಿಯಾವೋಪಿಂಗ್ ತೀರಿಕೊಂಡ ಸುದ್ದಿ ಬರುವುದನ್ನು ನೀವು ಗಮನಿಸಿರಬಹುದು. ಅವನು ಮರಳಿ ಹೋಗುವ ಊರು ಅವನು ಬಿಟ್ಟು ಬಂದ ಊರಾಗಿ ಉಳಿದಿರುವುದಿಲ್ಲ. ಆದರೂ ಹೊರಡುತ್ತಾನೆ.

ನಾನು ಊರಲ್ಲೇ ತೋಟ ನೋಡಿಕೊಂಡಿದ್ದೇನೆ. ಅವನು ದುಬೈನಲ್ಲಿ. ವರ್ಷಕ್ಕೊಮ್ಮೆ ಬಂದಾಗ ಎಲ್ಲ ಮರೆತು ಹೊಸದಾಗಿ ಶುರು ಮಾಡೋಣ ಅಂತಾನೆ. ಹೋದ ಮೇಲೆ ಫೋನ್ ಎತ್ತುವುದಿಲ್ಲ, ದುಡ್ಡು ಬೇಕಾದಾಗ ಮಾತ್ರ ತಾನೇ ಮಾಡುತ್ತಾನೆ. ಹಿಂದಿನ ಸಲ ಕೈ ಮಾಡಿದ. ಆ ಸಿನಿಮಾ ನೋಡಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅವನನ್ನು ಬಿಟ್ಟರೆ ಈ ಊರಲ್ಲಿ ನನಗೆ ಇನ್ನೊಬ್ಬ ಸಿಗುತ್ತಾನಾ? ಮನೆಯಲ್ಲಿ ಹುಡುಗಿ ನೋಡುತ್ತಿದ್ದಾರೆ. (ತೀರ್ಥಹಳ್ಳಿ ತಾಲ್ಲೂಕು)

ನಿಮ್ಮ ಪತ್ರಕ್ಕಾಗಿಯೇ ಈ ಸಲದ ಅಂಕಣ ಬರೆದೆ ಅಂದರೂ ಸರಿ.

ಹೊಸದಾಗಿ ಶುರು ಮಾಡೋಣ. ಹೋ ಪ್ರತಿ ಸಲ ಹೇಳುವುದೂ ಇದನ್ನೇ. ಲಾಯ್ ಪ್ರತಿ ಸಲ ಸೋಲುವುದೂ ಇದಕ್ಕೇ. ಹೋ ಆ ಮಾತನ್ನು ಮೋಸದಿಂದ ಹೇಳುತ್ತಾನೆ ಅಂತ ನನಗೆ ಅನ್ನಿಸುವುದಿಲ್ಲ. ಹೇಳುವ ಹೊತ್ತಿಗೆ ಅವನಿಗೆ ಅದು ನಿಜವೇ. ನಿಮ್ಮವನಿಗೂ ಇರಬಹುದು. ಅಲ್ಲಿ ಯುಎಇಯಲ್ಲಿ ಇದು ಈಗಲೂ ಅಪರಾಧ, ಹೆದರಿ ಹೆದರಿ ಬದುಕುವವನಿಗೆ ಊರಿಗೆ ಬಂದಾಗ ಪ್ರೀತಿ ಉಕ್ಕಿ ಬರುವುದು ಸಹಜ. ಇಷ್ಟನ್ನೂ ಒಪ್ಪುತ್ತೇನೆ. ಆದರೆ ಕೈ ಮಾಡಿದ್ದಕ್ಕೆ ಇದ್ಯಾವುದೂ ಕಾರಣ ಆಗುವುದಿಲ್ಲ. ಹೊಡೆಯುವವನ ಜೊತೆ ಇರಬೇಡಿ. ದುಡ್ಡು ಕಳಿಸುವುದನ್ನು ಇವತ್ತೇ ನಿಲ್ಲಿಸಿ.

ನಿಮ್ಮ ನಿಜವಾದ ಪ್ರಶ್ನೆ ಅವನ ಬಗ್ಗೆ ಅಲ್ಲ, ಇನ್ನೊಬ್ಬ ಸಿಗುತ್ತಾನಾ ಅನ್ನುವುದು. ನನಗೆ ಸಂಕಟ ಆಗುವುದೂ ಇಲ್ಲೇ. ನಮ್ಮ ಕಡೆ ಹುಡುಗಿಯನ್ನು ಪ್ರೀತಿಸಿ ಮುರಿದುಕೊಂಡವನಿಗೆ ನಾಲ್ಕು ಜನ ಸಮಾಧಾನ ಹೇಳುತ್ತಾರೆ, ಇನ್ನೊಂದು ಸಂಬಂಧ ತೋರಿಸುತ್ತಾರೆ. ನಿಮಗೆ ಅಳಲೂ ಜಾಗ ಇಲ್ಲ. ಪ್ರೀತಿ ಸಿಕ್ಕಿದ್ದೇ ಅಪರೂಪ, ಹಾಗಾಗಿ ಹೇಗಿದ್ದರೂ ಹಿಡಿದುಕೊಳ್ಳಬೇಕು ಅಂತ ಎಷ್ಟೋ ಜನ ಹೀಗೇ ನವೆದಿದ್ದಾರೆ. ಬರಗಾಲದಲ್ಲಿ ಕೆಟ್ಟ ನೀರು ಕುಡಿದರೂ ಕಾಯಿಲೆ ಬಂದೇ ಬರುತ್ತದೆ. ಅವನನ್ನು ಬಿಟ್ಟರೆ ನಿಮ್ಮ ಪ್ರೀತಿ ಸುಳ್ಳು ಅಂತ ಆಗುವುದಿಲ್ಲ. ಗಂಡಸರಿಬ್ಬರು ಕೂಡಿ ಬಾಳಲು ಆಗುವುದೇ ಇಲ್ಲ ಅಂತಲೂ ಆಗುವುದಿಲ್ಲ. ಅವನ ಜೊತೆ ಆಗಲಿಲ್ಲ, ಅಷ್ಟೇ.

ಲಾಯ್ ಹೇಗೆ ಬಿಡಿಸಿಕೊಂಡ ನೋಡಿ. ಹೊಸ ಪ್ರೇಮಿ ಸಿಕ್ಕಿ ಅಲ್ಲ. ಚೀನೀ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರುತ್ತಾನೆ. ಅಲ್ಲಿ ತೈವಾನ್‌ನ ಚಾಂಗ್ ಅನ್ನುವ ಹುಡುಗ ಪಾತ್ರೆ ತೊಳೆಯುತ್ತಿರುತ್ತಾನೆ. ಇಬ್ಬರೂ ಜೊತೆಗೆ ಕುಡಿಯುತ್ತಾರೆ, ಚೆಂಡಾಡುತ್ತಾರೆ, ಮಾತಾಡುತ್ತಾರೆ. ಚಾಂಗ್ ಊರು ಬಿಡುವಾಗ ಒಂದು ಟೇಪ್ ರೆಕಾರ್ಡರ್ ಕೈಗಿಟ್ಟು, ನಿನ್ನ ದುಃಖ ಇದರಲ್ಲಿ ಹೇಳು, ಭೂಮಿಯ ತುದಿಯ ದೀಪಸ್ತಂಭದ ಹತ್ತಿರ ಬಿಟ್ಟು ಬರುತ್ತೇನೆ ಅನ್ನುತ್ತಾನೆ. ಲಾಯ್ ಬಾಯಿಗೆ ಮಾತೇ ಬರುವುದಿಲ್ಲ. ರೆಕಾರ್ಡರ್ ಹಿಡಿದು ಅಳುತ್ತಾನೆ. ಆಮೇಲೆ ಕಸಾಯಿಖಾನೆಯಲ್ಲಿ ರಾತ್ರಿ ಪಾಳಿ ಹಿಡಿಯುತ್ತಾನೆ, ಯಾಕೆಂದರೆ ಅಲ್ಲಿ ಸಂಬಳ ಜಾಸ್ತಿ, ಟಿಕೆಟ್‌ಗೆ ದುಡ್ಡು ಕೂಡುತ್ತದೆ. ಒಬ್ಬ ಸ್ನೇಹಿತ, ಒಂದು ದುಡಿಮೆ, ಕೈಯಲ್ಲಿ ಸ್ವಂತ ದುಡ್ಡು. ನಿಮಗೆ ದುಡಿಮೆ ಇದೆ, ತೋಟ ಇದೆ. ಇನ್ನು ಬೇಕಿರುವುದು ಚಾಂಗ್‌ನಂಥ ಒಬ್ಬ ಸ್ನೇಹಿತ. ಊರಲ್ಲಿ ಇಲ್ಲದಿದ್ದರೆ ಓದಿದ ಕಾಲದ ಗೆಳೆಯ ಇರಬಹುದು, ಅಕ್ಕ ತಂಗಿ ಇರಬಹುದು. ಒಬ್ಬರಿಗೆ ಹೇಳಿ. ಹೇಳಲು ಯಾರೂ ಇಲ್ಲ, ರಾತ್ರಿ ತೀರಾ ಭಾರ ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಫೋನ್ ಆ್ಯಪ್‌ಗಳಲ್ಲಿ ಪರಿಚಯ ಮಾಡಿಕೊಳ್ಳುವುದಾದರೆ ಹುಷಾರಾಗಿರಿ. ಫೋಟೋ ಕಳಿಸಬೇಡಿ, ಮೊದಲ ಭೇಟಿ ಜನ ಓಡಾಡುವ ಜಾಗದಲ್ಲಿ ಇರಲಿ. ಬೆದರಿಸಿ ದುಡ್ಡು ಕೀಳುವವರು ಇದ್ದಾರೆ.

ಹುಡುಗಿ ನೋಡುತ್ತಿರುವ ವಿಷಯ. ಬೇಡ. ಅಮ್ಮನ ಸಮಾಧಾನಕ್ಕೆ ಅಂತ ಮದುವೆಯಾಗಿ ಒಬ್ಬ ಹೆಣ್ಣುಮಗಳನ್ನು ಸುಳ್ಳಿನೊಳಗೆ ಕೂರಿಸಬೇಡಿ, ಅವಳು ನಿಮಗೇನೂ ಮಾಡಿಲ್ಲ. ನಿಜ ಹೇಳುವ ಧೈರ್ಯ ಈಗಲೇ ಇಲ್ಲದಿದ್ದರೂ ಮದುವೆ ಬೇಡ ಅನ್ನುವಷ್ಟು ಧೈರ್ಯ ಸಾಕು. ಗಂಡಸರಿಬ್ಬರ ಮದುವೆಗೆ ಅರ್ಜೆಂಟೀನಾ 2010ರಲ್ಲಿ, ತೈವಾನ್ 2019ರಲ್ಲಿ ಕಾನೂನಿನ ಒಪ್ಪಿಗೆ ಕೊಟ್ಟಿವೆ. ಲಾಯ್ ಬದುಕಿದ ಊರಿಗೂ ಚಾಂಗ್‌ನ ಊರಿಗೂ ಆ ಬೆಳಕು ಬಂತು. ನಮ್ಮ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಆ ಹಕ್ಕು ಕೊಡಲಿಲ್ಲ. ನನಗೆ ಅದರ ಬಗ್ಗೆ ಬೇಸರ ಇದೆ. ಆದರೆ ಇಬ್ಬರು ವಯಸ್ಕರು ಕೂಡಿ ಇರುವುದನ್ನು ಯಾರೂ ಅಪರಾಧ ಅನ್ನುವ ಹಾಗಿಲ್ಲ. ಪೊಲೀಸರ ಹೆಸರು ಹೇಳಿ ಅವನು ಹೆದರಿಸಿದರೆ ಹೆದರಬೇಡಿ.

ಎರಡು ತಿಂಗಳು ಬಿಟ್ಟು ಮತ್ತೆ ಬರೆಯಿರಿ. ಕಾಯುತ್ತಿರುತ್ತೇನೆ.

ಕನ್ನಡದಲ್ಲಿ ಇಂಥ ಸಿನಿಮಾ ಯಾಕಿಲ್ಲ? ಶಿವಮೊಗ್ಗದಲ್ಲಿ ತೋರಿಸಿದರೆ ಜನ ಬರುತ್ತಾರಾ? (ಶಿವಮೊಗ್ಗ, ಕಾಲೇಜು ವಿದ್ಯಾರ್ಥಿ)

ಬರುತ್ತಾರೆ. ಎಪ್ಪತ್ತರ ದಶಕದಲ್ಲೇ ನೀನಾಸಂ ಹೆಗ್ಗೋಡಿನಂಥ ಹಳ್ಳಿಯಲ್ಲಿ ಜಗತ್ತಿನ ಸಿನಿಮಾಗಳನ್ನು ತೋರಿಸಿತ್ತು. ತೋಟದ ಕೆಲಸ ಮುಗಿಸಿ ಬಂದವರು ಕೂತು ನೋಡಿ ಚರ್ಚೆ ಮಾಡಿದ ಜಿಲ್ಲೆ ಇದು. ಪುಸ್ತಕದಲ್ಲಿ ಬೇಕಾದರೆ ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲೇ ಬಂದಿದೆ, ಓದಿಲ್ಲದಿದ್ದರೆ ಮೊದಲು ಅದನ್ನು ಓದಿ. ಸಿನಿಮಾದಲ್ಲಿ 2015ರ ‘ನಾನು ಅವನಲ್ಲ ಅವಳು’ ಇದೆ. ಅದು ಟ್ರಾನ್ಸ್‌ಜೆಂಡರ್ ಮಹಿಳೆಯ ಕಥೆ, ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು.

ಮಲೆನಾಡಲ್ಲೇ ಇಂಥ ಸಿನಿಮಾ ಮಾಡುವ ಆಸೆ ನಿಮಗಿದ್ದರೆ ಒಂದು ಮಾತು. ವಾಂಗ್ ತನ್ನ ಪಾತ್ರಗಳನ್ನು ಯಾರೂ ಗುರುತಿಸದ ಊರಿಗೆ ಕರೆದುಕೊಂಡು ಹೋದ. ನಮ್ಮಲ್ಲಿ ಕಷ್ಟ ಬೇರೆ ಥರದ್ದು. ಇಲ್ಲಿ ಇಬ್ಬರು ಗಂಡಸರು ಮಳೆಗಾಲ ಪೂರ್ತಿ ಒಂದೇ ಕೋಣೆಯಲ್ಲಿ ಮಲಗಿದರೂ ಯಾರೂ ಏನೂ ಕೇಳುವುದಿಲ್ಲ. ಆದರೆ ಇಬ್ಬರಲ್ಲಿ ಒಬ್ಬ ಮೂವತ್ತು ದಾಟಿಯೂ ಮದುವೆ ಬೇಡ ಅಂದರೆ ಇಡೀ ಕೇರಿ ಕೇಳುತ್ತದೆ. ಅಲ್ಲಿಂದ ಬರೆಯಲು ಶುರು ಮಾಡಿ. ಮತ್ತೆ ಈ ಸಿನಿಮಾ ತೋರಿಸುವುದಾದರೆ ಹಕ್ಕು ಇರುವವರ ಅನುಮತಿ ತೆಗೆದುಕೊಳ್ಳಿ, ಪೋಸ್ಟರ್‌ನಲ್ಲಿ ವಯಸ್ಕರಿಗೆ ಮಾತ್ರ ಅಂತ ಹಾಕಿ, ಮುಗಿದ ಮೇಲೆ ಮಾತುಕತೆಗೆ ಒಂದು ಗಂಟೆಯಾದರೂ ಇಡಿ. ದಿನಾಂಕ ತಿಳಿಸಿದರೆ ಇಲ್ಲಿ ಹಾಕುತ್ತೇನೆ.